38 ನಿಮಿಷದ ಸಾಲಿನಲ್ಲಿ ತಪ್ಪಿಹೋದ ಹಿಮನದಿ: ಅಲಾಸ್ಕಾ ಕ್ರೂಸ್ ಬಗ್ಗೆ ಒಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ.

ವಿಷಯ: ಜುಲೈ ತಿಂಗಳ ಅಲಾಸ್ಕಾ ಕ್ರೂಸ್‌ನಲ್ಲಿ ಬಫೆ ಸಾಲು, ಹೇಳದೆ ಕಡಿಮೆ ಮಾಡಿದ ಸೇವೆಗಳು ಮತ್ತು ಒಂದು ದಿನದ ಹಣ ವಾಪಸ್ ಮಾಡುವ ಬಗ್ಗೆ.

ಮಾನ್ಯರೇ,

ಪತ್ರ ಕನ್ನಡದಲ್ಲಿದೆ. ಬುಕಿಂಗ್ ದಿನ ನಿಮ್ಮ ಕಚೇರಿಯಲ್ಲಿ ಕಾಫಿ ಕೊಟ್ಟು, ಒಂದೂವರೆ ಗಂಟೆ ಕನ್ನಡದಲ್ಲೇ ವಿವರಿಸಿದರು. ಮಾರುವಾಗ ಕನ್ನಡ ನಡೆಯಿತು ಅಂದಮೇಲೆ ದೂರಿಗೂ ನಡೆಯಬೇಕು, ಅಲ್ವಾ? ಹಡಗಿನ ಕಂಪನಿಯವರಿಗೆ ಇಂಗ್ಲಿಷಿನಲ್ಲಿ ಬೇಕಿದ್ದರೆ ತರ್ಜುಮೆ ನೀವೇ ಮಾಡಿಸಿ ಕಳಿಸಿ. ಎರಡು ಸಲ ಫೋನ್ ಮಾಡಿದ್ದೆ. ಎರಡೂ ಸಲ ಸಿಕ್ಕಿದ್ದು ಒಂದೇ ಉತ್ತರ: "ಈಗ ಎಲ್ಲಾ ಹಡಗಲ್ಲೂ ಹೀಗೇ ಸರ್." ಅದಕ್ಕೇ ಬರೆಯುತ್ತಿದ್ದೇನೆ.

ನಾನು 31 ವರ್ಷ ಬೆಂಗಳೂರಿನಲ್ಲಿ ಮದುವೆ ಅಡುಗೆ ಕಂಟ್ರಾಕ್ಟ್ ಮಾಡಿದವನು. ಬೆಳಗಿನ ತಿಂಡಿಗೆ 600, ಮಧ್ಯಾಹ್ನದ ಪಂಕ್ತಿಗೆ 1,500, ಸಂಜೆ ಆರತಕ್ಷತೆಯ ಬಫೆಗೆ 2,000 ಜನ. ಇಂಥ ದಿನಗಳನ್ನು ಎಷ್ಟೋ ಕಂಡಿದ್ದೇನೆ. ಸಾಲು ನೋಡಿ ಸಿಟ್ಟಾಗುವ ಜಾತಿ ನನ್ನದಲ್ಲ. ಸಾಲು ಎಲ್ಲಿ, ಯಾಕೆ ನಿಲ್ಲುತ್ತದೆ ಅಂತ ನೋಡುವುದು ಅಭ್ಯಾಸ. ನಿಮ್ಮ ಹಡಗಿನಲ್ಲೂ ಅದನ್ನೇ ನೋಡಿದೆ.

ನಮ್ಮ ಮದುವೆಯಾಗಿ 40 ವರ್ಷವಾಯಿತು ಅಂತ ಈ ಪ್ರವಾಸ. ಸಿಯಾಟಲ್ ಹತ್ತಿರ ಇರುವ ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗಳು, ನಾವಿಬ್ಬರು. ಖರ್ಚು ಪೂರ್ತಿ ನನ್ನದು, 6,65,000 ರೂಪಾಯಿ. ಸಿಯಾಟಲ್‌ನಿಂದ ಹೊರಟು ಜುನೋ, ಸ್ಕ್ಯಾಗ್ವೇ, ಗ್ಲೇಷಿಯರ್ ಬೇ, ಕೆಚಿಕನ್, ಕೊನೆಗೆ ಕೆನಡಾದ ವಿಕ್ಟೋರಿಯಾ ನೋಡಿಕೊಂಡು ವಾಪಸ್. ಏಳು ರಾತ್ರಿ. ಬೇರೆ ಹಡಗುಗಳು ಇದಕ್ಕಿಂತ ಅಗ್ಗಕ್ಕೆ ಸಿಗುತ್ತಿದ್ದವು. ನಿಮ್ಮ ಕಚೇರಿಯವರೇ ಹೇಳಿದರು, ಗ್ಲೇಷಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ದೊಡ್ಡ ಹಡಗು ಬಿಡುತ್ತಾರೆ, ಅದರಲ್ಲಿ ನಮ್ಮದೊಂದು ಅಂತ. ಆ ಒಂದು ದಿನಕ್ಕಾಗಿಯೇ ಜಾಸ್ತಿ ದುಡ್ಡು ಕೊಟ್ಟೆ. ಆ ದಿನವೇ ಹಾಳಾಯಿತು.

ಅವತ್ತು ಬೆಳಗ್ಗೆ ಎಂಟಕ್ಕೆ ಬಫೆಗೆ ಹೋದೆವು. ಸಾಲು ಲಿಫ್ಟ್ ಬಾಗಿಲವರೆಗೆ ಬಂದಿತ್ತು. ಸ್ವಲ್ಪ ಕರಗಲಿ ಅಂತ ಕ್ಯಾಬಿನ್‌ಗೆ ವಾಪಸ್ ಬಂದೆವು. ತಿಂಡಿ ಕ್ಯಾಬಿನ್‌ಗೇ ತರಿಸೋಣ ಅಂತ ಫೋನ್ ಮಾಡಿದರೆ ಒಂದು ಗಂಟೆ ಆಗುತ್ತದೆ ಅಂದರು. ತಂದುಕೊಡುವುದಕ್ಕೆ ಬೇರೆ ಚಾರ್ಜು. ನಿಮ್ಮ ಕರಪತ್ರದಲ್ಲಿ ಅದು ಉಚಿತ ಅಂತ ಇದೆ, ಪುಟ ನಾಲ್ಕು. ಒಂಬತ್ತಕ್ಕೆ ನನ್ನ ಹೆಂಡತಿ ಸಕ್ಕರೆ ಕಾಯಿಲೆಯ ಮಾತ್ರೆ ತಗೊಂಡಳು. ಮಾತ್ರೆ ತಗೊಂಡ ಮೇಲೆ ತಿನ್ನದೆ ಇರುವ ಹಾಗಿಲ್ಲ. ಒಂಬತ್ತು ಇಪ್ಪತ್ತಕ್ಕೆ ಸಾಲಿಗೆ ಸೇರಿದೆವು. ಮುಂದೆ 60 ಜನ ಇದ್ದರು, ಎಣಿಸಿದೆ. ತಟ್ಟೆ ಕೈಗೆ ಬಂದಾಗ ಒಂಬತ್ತು ಐವತ್ತೆಂಟು.

ಈ 38 ನಿಮಿಷದಲ್ಲಿ ಹಡಗು ಮಾರ್ಜರಿ ಹಿಮನದಿಯ ಮುಂದೆ ನಿಂತಿತ್ತು. ಸುಮಾರು ಒಂದು ಮೈಲಿ ಅಗಲದ ನೀಲಿ ಮಂಜಿನ ಗೋಡೆ ಅದು. ಹಡಗು ಹತ್ತಿದ್ದ ಉದ್ಯಾನದ ರೇಂಜರ್ ಮೈಕಿನಲ್ಲಿ ವಿವರಿಸುತ್ತಿದ್ದರು. ನಮಗೆ ಕೇಳಿಸಿದ್ದು ತಟ್ಟೆ ಚಮಚದ ಸದ್ದಿನ ನಡುವೆ ಅಲ್ಲೊಂದು ಇಲ್ಲೊಂದು ಮಾತು. ಒಂದು ಸಲ ಗುಡುಗಿದ ಹಾಗೆ ಶಬ್ದವಾಯಿತು. ಹೊರಗಿನ ಡೆಕ್ಕಿನಲ್ಲಿ ಜನ ಕೂಗಿದರು. ಮೊಮ್ಮಗಳು ಓಡಿ ಬಂದು, "ತಾತಾ, ಮಂಜಿನ ಗಡ್ಡೆ ನೀರಿಗೆ ಬಿತ್ತು! ಇಷ್ಟು ದೊಡ್ಡದು!" ಅಂತ ಎರಡೂ ಕೈ ಅಗಲಿಸಿ ತೋರಿಸಿದಳು. ನಮ್ಮ ಮುಂದೆ ಇನ್ನೂ 22 ಜನ ಇದ್ದರು. "ನೀವಾದ್ರೂ ಹೋಗಿ ನೋಡಿ" ಅಂದಳು ಹೆಂಡತಿ. ಅವಳನ್ನು ಬಿಟ್ಟು ಹೋಗಿ ಏನು ನೋಡಲಿ? ತಿಂದು, ಸ್ವೆಟರ್ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಹಡಗು ತಿರುಗಿತ್ತು. ಹಿಮನದಿಯ ಬೆನ್ನು ನೋಡಿದೆವು ಅನ್ನಿ.

ಈಗ ಸಾಲಿನ ವಿಷಯ.

ಬಫೆ ಹಾಲಿನಲ್ಲಿ ಎಡಗಡೆ, ಬಲಗಡೆ ಎರಡೂ ಕಡೆ ಒಂದೇ ಥರದ ಕೌಂಟರ್‌ಗಳಿವೆ. ಬಲಗಡೆಯದು ಏಳು ದಿನದಲ್ಲಿ ಐದು ದಿನ ಬೆಳಗ್ಗೆ ಮುಚ್ಚಿತ್ತು. ಹಗ್ಗ ಕಟ್ಟಿ, ಪಕ್ಕದ್ದನ್ನು ಬಳಸಿ ಅಂತ ಒಂದು ಬೋರ್ಡು. ಜಾಗ ಇದೆ, ಒಲೆ ಇದೆ, ಬಿಸಿ ಪೆಟ್ಟಿಗೆ ಇದೆ. ನಿಲ್ಲುವ ಜನ ಇಲ್ಲ. ತೆರೆದಿದ್ದ ಕಡೆ ಆಮ್ಲೆಟ್ ಮಾಡುವವನನ್ನು ಮುಖ್ಯ ಸಾಲಿನ ನಡುವೆಯೇ ನಿಲ್ಲಿಸಿದ್ದರು. ಇದನ್ನು ನೋಡಿ ನನಗೆ ನಗು ಬಂತು. ದೋಸೆ ಕೌಂಟರನ್ನು ಊಟದ ಸಾಲಿನ ಒಳಗೆ ಇಡಬಾರದು ಅನ್ನೋದು ನಮ್ಮಲ್ಲಿ ಎಲೆ ಎತ್ತುವ ಹುಡುಗನಿಗೂ ಗೊತ್ತು. ಇಟ್ಟರೆ ಮೊಸರನ್ನ ಬೇಕಾದವನೂ ದೋಸೆ ಬೇಯುವವರೆಗೆ ಕಾಯಬೇಕು. ಇಲ್ಲಿ ಬರೀ ಬ್ರೆಡ್ಡು, ಹಣ್ಣು ಬೇಕಾದ ಸಸ್ಯಾಹಾರಿಗಳಾದ ನಾವು ಅರವತ್ತು ಜನರ ಆಮ್ಲೆಟ್ಟಿಗೆ ಕಾದೆವು. ಮೊದಲು ಅದು ಬೇರೆ ಮೂಲೆಯಲ್ಲಿ ಇತ್ತಂತೆ. ಎರಡು ಕಡೆ ಜನ ಹಾಕುವುದು ಬೇಡ ಅಂತ ಒಳಗೆ ತಂದಿದ್ದಾರೆ.

ಇನ್ನೊಂದು ನೋಡಿದೆ. ನಡುವೆ ಎರಡು ಸಲ ತಟ್ಟೆ ಖಾಲಿಯಾಯಿತು. ಆಹಾರ ತುಂಬಿತ್ತು, ತಟ್ಟೆ ಇರಲಿಲ್ಲ. ಅಡುಗೆ ಇದ್ದು ತಟ್ಟೆ ಇಲ್ಲ ಅಂದರೆ ತೊಳೆಯುವ ಕಡೆ ಜನ ಕಮ್ಮಿ ಅಂತಲೇ ಅರ್ಥ. ಎಷ್ಟೋ ಛತ್ರಗಳ ಹಿಂದುಗಡೆ ನಿಂತು ನಾನೇ ಇದನ್ನು ಅನುಭವಿಸಿದ್ದೇನೆ. ನಾಲ್ಕು ಕಾಫಿ ಮೆಷಿನ್ನಿನಲ್ಲಿ ಎರಡು ಕೆಟ್ಟಿದ್ದವು, ಕೊನೆಯ ದಿನವೂ ಕೆಟ್ಟೇ ಇದ್ದವು. ಬಾಗಿಲಲ್ಲಿ ಕೈ ತೊಳೆಯಲು ಸಿಂಕ್ ಇದೆ. ಮೊದಲೆರಡು ದಿನ ಒಬ್ಬರು ಅಲ್ಲಿ ನಿಂತು ಎಲ್ಲರಿಗೂ ಕೈ ತೊಳೆಸುತ್ತಿದ್ದರು. ಮೂರನೇ ದಿನದಿಂದ ಯಾರೂ ಇಲ್ಲ. ಜನ ಸೀದಾ ಬಂದು ಇಕ್ಕಳ ಹಿಡಿಯುತ್ತಿದ್ದರು. ಹಡಗಿನಲ್ಲಿ ನೊರೋವೈರಸ್ ವಾಂತಿಭೇದಿ ಹರಡುವುದು ಇಂಥ ಕಡೆಯೇ. ಬರೀ ಸ್ಯಾನಿಟೈಸರ್‌ಗೆ ಆ ವೈರಸ್ ಸುಲಭಕ್ಕೆ ಬಗ್ಗಲ್ಲ, ಸೋಪು ನೀರೇ ಬೇಕು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರು ಹಡಗುಗಳಿಗೆ ಮುನ್ಸೂಚನೆ ಇಲ್ಲದೆ ಬಂದು ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ, 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು. ಅವರು ಬಂದ ದಿನ ಆ ಸಿಂಕಿನ ಹತ್ತಿರ ಜನ ಇದ್ದೇ ಇರುತ್ತಾರೆ ಬಿಡಿ.

ಜನ ಜಾಸ್ತಿ ಇದ್ದರು, ನಿಜ. ಆದರೆ ಅದು ಆಕಸ್ಮಿಕವೇ? ಕ್ರೂಸ್ ವ್ಯಾಪಾರದಲ್ಲಿ ಒಂದು ಕ್ಯಾಬಿನ್‌ಗೆ ಇಬ್ಬರು ಅಂತ ಲೆಕ್ಕ. ಮೂರನೆಯವರು, ನಾಲ್ಕನೆಯವರು ಮೇಲಿನ ಬರ್ತಿನಲ್ಲಿ ಮಲಗಿದರೆ ಹಡಗು ನೂರಕ್ಕೆ ನೂರನ್ನೂ ಮೀರಿ ತುಂಬಿದ ಹಾಗೆ. ದೊಡ್ಡ ಕಂಪನಿಗಳು ಷೇರುದಾರರಿಗೆ ಕೊಡುವ ವರದಿಯಲ್ಲಿ ಈ ನೂರು ಮೀರಿದ ಅಂಕಿ ಇರುತ್ತದೆ. ನಮ್ಮ ಮೊಮ್ಮಗಳು ಅಂಥ ಒಬ್ಬ ಮೂರನೆಯವಳು. ಜುಲೈನಲ್ಲಿ ಅಮೆರಿಕದ ಶಾಲೆಗಳಿಗೆ ರಜ, ಮಕ್ಕಳು ಬರುತ್ತಾರೆ ಅಂತ ತಿಂಗಳುಗಟ್ಟಲೆ ಮೊದಲೇ ಗೊತ್ತು. ಟಿಕೆಟ್ ಮಾರಿದವರು ನೀವೇ ಅಲ್ಲವೇ? ಮದುವೆಗೆ ಕರೆಯದೆ ಬಂದ ನೂರು ಜನಕ್ಕೆ ನಾನು ಒಂದು ಹಂಡೆ ಅನ್ನ ಜಾಸ್ತಿ ಇಡುತ್ತಿದ್ದೆ. ನೀವು ಕರೆದು, ದುಡ್ಡು ಇಸಕೊಂಡು, ಕೌಂಟರ್ ಮುಚ್ಚಿದಿರಿ. ಜನದಟ್ಟಣೆ ತಾಳಲಾರದೆ ಜುನೋ ಊರಿನವರು 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಅಂತ ಮಿತಿ ಇಟ್ಟುಕೊಂಡಿದ್ದಾರೆ. ಊರಿಗೇ ಒಂದು ಲೆಕ್ಕ ಬೇಕಾಯಿತು, ಒಂದು ಊಟದ ಹಾಲಿಗೆ ಬೇಡವೇ?

ಸಾಲು ಉದ್ದವಾಗುವುದಕ್ಕೆ ಇನ್ನೊಂದು ಕಾರಣ. ಕೆಳಗಿನ ದೊಡ್ಡ ಊಟದ ಹಾಲು, ಕೂತಲ್ಲೇ ಬಡಿಸುವುದು, ಹಡಗು ಬಂದರಿಗೆ ಹೋಗುವ ದಿನ ಮಧ್ಯಾಹ್ನ ತೆಗೆಯುವುದೇ ಇಲ್ಲ. ಹಾಗಾಗಿ ಎಲ್ಲರೂ ಬಫೆಗೆ. ಬಫೆಯಲ್ಲಿ ಭಾರತೀಯ ಅಡುಗೆಯ ಒಂದು ಮೂಲೆ ಇದೆ ಅಂತ ನೀವು ಹೇಳಿದ್ದಿರಿ. ಇತ್ತು. ಅನ್ನ, ಒಂದು ದಾಲ್, ಒಂದು ಪಲ್ಯ. ಎರಡು ದಿನ ಅದೂ ಇಲ್ಲ. ನಾವು ಸಾಲಿನಲ್ಲಿ ನಿಲ್ಲುವ ಜಾಗದ ಪಕ್ಕದಲ್ಲೇ ಬೇರೆ ದುಡ್ಡು ಕೊಟ್ಟು ತಿನ್ನುವ ರೆಸ್ಟೋರೆಂಟ್ ಇತ್ತು, ತಲೆಗೆ 45 ಡಾಲರ್. ಒಳಗೆ ಬಿಳಿ ಬಟ್ಟೆ ಹಾಸಿದ ಟೇಬಲ್ಲುಗಳು, ಬಾಗಿಲಲ್ಲಿ ಇಬ್ಬರು ನಗುತ್ತಾ ನಿಂತಿದ್ದರು. ಅಲ್ಲಿಗೆ ಜನ ಸಿಕ್ಕರು ನೋಡಿ.

ಕ್ಯಾಬಿನ್ ದಿನಕ್ಕೆ ಎರಡು ಸಲ ಶುಚಿ ಮಾಡುತ್ತಾರೆ ಅಂತ ಕರಪತ್ರ ಹೇಳುತ್ತದೆ. ಒಂದೇ ಸಲ ಮಾಡಿದರು. ನನಗೆ ಅದೇನು ದೊಡ್ಡದಲ್ಲ, ಮನೆಯಲ್ಲೂ ಒಂದೇ ಸಲ ಗುಡಿಸುವುದು. ಆದರೆ ಇಲ್ಲದ್ದನ್ನು ಇದೆ ಅಂತ ಅಚ್ಚು ಹಾಕಿಸಿದ್ದೀರಿ ಅನ್ನೋದಕ್ಕೆ ಹೇಳಿದೆ.

ಇನ್ನು ಟಿಪ್ಸು. ಬಿಲ್ಲಿನಲ್ಲಿ ಅದಕ್ಕೆ ಗ್ರ್ಯಾಚುಟಿ ಅಂತ ಹೆಸರು. ನಮ್ಮ ಕಡೆ ಗ್ರ್ಯಾಚುಟಿ ಅಂದರೆ ನಿವೃತ್ತಿಯಾದಾಗ ಬರುವ ದುಡ್ಡು, ಇಲ್ಲಿ ನಿವೃತ್ತಿಯಾದವನಿಂದ ಕೀಳುವ ದುಡ್ಡು! ತಲೆಗೆ ದಿನಕ್ಕೆ 17 ಡಾಲರ್, ಮಗುವಿಗೂ ಸೇರಿ. ಐದು ಜನ, ಏಳು ದಿನ, 595 ಡಾಲರ್. ಸುಮಾರು 50 ಸಾವಿರ ರೂಪಾಯಿ. ಕೇಳದೆ ಬಿಲ್ಲಿಗೆ ಸೇರುತ್ತದೆ. ಸಾಲಿನಲ್ಲಿ ಸಿಟ್ಟಾದ ಕೆಲವರು ಬಿಲ್ಲಿನ ಕೌಂಟರಿಗೆ ಹೋಗಿ ಅದನ್ನು ತೆಗೆಸಿ ಹಾಕಿದರು. ಅಳಿಯನೂ ತೆಗೆಸೋಣ ಅಂದ. ನಾನು ಬೇಡ ಅಂದೆ.

ಯಾಕೆ ಅಂತ ಹೇಳುತ್ತೇನೆ. ಬಫೆ ಕೌಂಟರಿನ ಹಿಂದೆ ಕರಾವಳಿ ಕಡೆಯ ಒಬ್ಬ ಹುಡುಗ ಇದ್ದ. ನನ್ನ ಹೆಂಡತಿ "ಮೊಸರು ಎಲ್ಲಿದೆಯೋ ಏನೋ" ಅಂದಿದ್ದು ಕೇಳಿ, "ಅಮ್ಮ, ಆಚೆ ಕಡೆ ಉಂಟು, ತಂದುಕೊಡ್ತೇನೆ" ಅಂದ. ಅಷ್ಟು ದೂರದ ಸಮುದ್ರದಲ್ಲಿ "ಉಂಟು" ಅನ್ನೋ ಮಾತು ಕೇಳಿ ಅವಳ ಕಣ್ಣು ತುಂಬಿತು. ಅವನದು ಎಂಟು ತಿಂಗಳ ಕಾಂಟ್ರಾಕ್ಟು, ವಾರದ ರಜ ಇಲ್ಲ. ಹಿಂದಿನ ಸಲ ಮೂರು ಜನ ಮಾಡುತ್ತಿದ್ದ ಕೆಲಸ ಈಗ ಇಬ್ಬರದ್ದು. ಬೈಗುಳ ತಿನ್ನುವುದೂ ಅವರೇ, ಟಿಪ್ಸು ಹೋದರೆ ಕಳಕೊಳ್ಳುವುದೂ ಅವರೇ. ಆ ಹುಡುಗ ಯಾರು ಅಂತ ವಿಚಾರಿಸಲು ಹೋಗಬೇಡಿ. ಹಡಗಿನಲ್ಲಿ ಅವನ ಕಡೆಯ ಹುಡುಗರು ಬೇಕಾದಷ್ಟು ಇದ್ದಾರೆ, ಹುಡುಕಿದರೂ ಸಿಗಲ್ಲ.

ಹಾಗಾಗಿ ಟಿಪ್ಸಿನ ಒಂದು ಡಾಲರೂ ನನಗೆ ವಾಪಸ್ ಬೇಡ. ಹಡಗಿನ ಸಂಜೆ ಊಟ ಚೆನ್ನಾಗಿತ್ತು. ಊಟದ ಹಾಲಿನ ಮೇಲ್ವಿಚಾರಕರು ಹಿಂದಿನ ರಾತ್ರಿಯೇ ಕೇಳಿ ನಮಗೆ ಬೇರೆ ಸಾರು ಮಾಡಿಸಿದರು. ಅದನ್ನೂ ಬರೆದುಕೊಳ್ಳಿ.

ನಾನು ಕೇಳುವುದು ಇಷ್ಟು. 6,65,000 ರೂಪಾಯಿಯನ್ನು ಏಳರಿಂದ ಭಾಗಿಸಿದರೆ ದಿನಕ್ಕೆ 95,000. ಗ್ಲೇಷಿಯರ್ ಬೇಯ ಆ ಒಂದು ದಿನದ್ದು ವಾಪಸ್ ಕೊಡಿ. ಮಿಕ್ಕ ಆರು ದಿನದ ತಂಟೆಗೆ ಬರುವುದಿಲ್ಲ. ಕರಪತ್ರದಲ್ಲಿರುವ ಯಾವ ಯಾವ ಸೇವೆ ಯಾವಾಗಿನಿಂದ ನಿಂತಿದೆ ಅಂತ ಬರವಣಿಗೆಯಲ್ಲಿ ಕೊಡಿ. ಅದೇ ಕರಪತ್ರವನ್ನು ಹೋದ ವಾರವೂ ನಮ್ಮ ಪಕ್ಕದ ಮನೆಯವರಿಗೆ ಕೊಟ್ಟಿದ್ದೀರಿ. ಅವರು ಡಿಸೆಂಬರಿಗೆ ಸಿಂಗಪುರ ಕಡೆಯ ಹಡಗು ನೋಡುತ್ತಿದ್ದಾರೆ. ಅದನ್ನು ತಿದ್ದಿ.

"ಸೇವೆಗಳು ಬದಲಾಗಬಹುದು" ಅಂತ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ ಅಂತ ಫೋನಿನಲ್ಲಿ ಹೇಳಿದರು. ಓದಿದ್ದೇನೆ. ಲಾಡು, ಚಿರೋಟಿ, ಹೋಳಿಗೆ ಅಂತ ಮಾತಾಡಿ ಬರೀ ಲಾಡು ಬಡಿಸಿ, "ಬದಲಾಗಬಹುದು ಅಂತ ಬರೆದಿದ್ದೆ" ಅಂತ ನಾನು ಹೆಣ್ಣಿನ ತಂದೆಗೆ ಹೇಳಿದ್ದರೆ 31 ವರ್ಷ ಅಲ್ಲ, 31 ದಿನ ನಡೆಸುತ್ತಿರಲಿಲ್ಲ.

30 ದಿನ ಕಾಯುತ್ತೇನೆ. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನಾನು ವಾಸ ಇರುವ ಊರಿನಲ್ಲೇ ಕೇಸು ಹಾಕಬಹುದು, ಹಡಗು ಯಾವ ದೇಶದ್ದಾದರೂ ಟಿಕೆಟ್ ಮಾರಿದವರು ನೀವು ಇಲ್ಲೇ ಇದ್ದೀರಿ.

ಬುಕಿಂಗ್ ರಸೀದಿ, ಹಡಗಿನ ಬಿಲ್ಲು, ಕರಪತ್ರದ ನಾಲ್ಕನೇ ಪುಟದ ಪ್ರತಿ ಲಗತ್ತಿಸಿದ್ದೇನೆ. ಎರಡು ಫೋಟೋಗಳೂ ಇವೆ. ಒಂದು, ಹಗ್ಗ ಕಟ್ಟಿದ ಬಲಗಡೆಯ ಕೌಂಟರ್. ಇನ್ನೊಂದು ಒಂಬತ್ತು ಐವತ್ತೈದಕ್ಕೆ ಅಳಿಯ ತೆಗೆದಿದ್ದು. ಅದರಲ್ಲಿ ಕಿಟಕಿಯ ಆಚೆ ನೀಲಿ ಮಂಜು ಚೆನ್ನಾಗಿ ಕಾಣುತ್ತದೆ. ಈಚೆ ಅದಕ್ಕೆ ಬೆನ್ನು ಹಾಕಿಕೊಂಡು, ತಟ್ಟೆ ಯಾವಾಗ ಬರುತ್ತದೋ ಅಂತ ಎದುರು ನೋಡುತ್ತಿರುವವಳು ನನ್ನ ಹೆಂಡತಿ.

ಇಂತಿ,
ನಿಮ್ಮ ಗ್ರಾಹಕ
(ಹೆಸರು, ವಿಳಾಸ, ಫೋನ್ ನಂಬರು ರಸೀದಿಯಲ್ಲಿವೆ)