ಎಸ್ಕಲೇಟರ್ ಹತ್ತಿದ ರೈಲು

ಮಾನ್ಯ ಸಂಪಾದಕರೇ,

2014ರ ಮಾರ್ಚ್ 24ರ ನಸುಕಿನಲ್ಲಿ ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ನಗರ ರೈಲೊಂದು ಹಳಿ ಮುಗಿದರೂ ನಿಲ್ಲದೆ ಎಸ್ಕಲೇಟರ್ ಹತ್ತಿಬಿಟ್ಟಿತು. ಆ ಫೋಟೊ ಕಂಡರೆ ಸಾಕು, ನಮ್ಮಂಥ ರೈಲುಪ್ರಿಯರು ಬೋಗಿ ಯಾವುದು, ವೇಗ ಎಷ್ಟು ಅಂತ ಚರ್ಚೆಗೆ ಕೂರುತ್ತೇವೆ. ಕುತೂಹಲ ಸಹಜವೇ. ಆದರೆ ಅಂದು 30ಕ್ಕೂ ಜಾಸ್ತಿ ಜನ ಗಾಯಗೊಂಡಿದ್ದರು, ಅದನ್ನು ಮರೆಯಬಾರದು ಅಲ್ವಾ?

ನನ್ನನ್ನು ಹೆಚ್ಚು ಕಾಡುವುದು ಚಾಲಕಿಯ ನಿದ್ದೆ. ನಿಲ್ದಾಣಕ್ಕೆ ಬರುವಾಗ ಆಕೆಗೆ ಕಣ್ಣು ಹತ್ತಿತ್ತು. ತನ್ನಿಂದ ತಾನೇ ಬೀಳುವ ಬ್ರೇಕ್ ಬಿತ್ತು, ಆದರೆ ರೈಲು ನಿಲ್ಲಲು ಮುಂದೆ ಜಾಗವೇ ಉಳಿದಿರಲಿಲ್ಲ. ಪಾಳಿ ಕೆಲಸದ ದಣಿವನ್ನು ತನಿಖೆಯೂ ಎತ್ತಿ ಹೇಳಿತು. ಸುಮ್ನೆ ಆಕೆಯನ್ನು ಬೈಯುವ ಗೆಳೆಯರು ದಯವಿಟ್ಟು ಆ ಪಾಳಿಯ ಬಗ್ಗೆಯೂ ಮಾತಾಡಲಿ.

– ಒಬ್ಬ ರೈಲುಪ್ರಿಯ