ಪಿನ್‌ಕೋಡನ್ನೂ ಮಕ್ಕಳು ಭಾಗಿಸಿ ನೋಡಲಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯಲ್ಲಿ ಅವಿಭಾಜ್ಯ ಅಪವರ್ತನ, ಅಂದರೆ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುವುದನ್ನು ಕಲಿಸುವಾಗ ನಾವು ಕೊಡುವ ಸಂಖ್ಯೆಗಳು ಬಹುಮಟ್ಟಿಗೆ 2, 3, 5ರಿಂದ ನಾಲ್ಕೇ ಸಾಲಿನಲ್ಲಿ ಒಡೆದುಹೋಗುವಂಥವು. ದೊಡ್ಡ ಸಂಖ್ಯೆಯೊಂದರ ಸ್ವಭಾವವನ್ನು ತಾಳ್ಮೆಯಿಂದ ಹುಡುಕುವ ಅವಕಾಶ ಮಕ್ಕಳಿಗೆ ಸಿಗುತ್ತಿಲ್ಲವೆಂಬ ಕೊರಗು ನನಗೆ ಬಹುಕಾಲದಿಂದ ಇದೆ. ಅಂಥ ಸಂಖ್ಯೆಗಾಗಿ ದೂರ ಹೋಗಬೇಕಾಗಿಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್‌ಕೋಡ್ ಪ್ರತಿ ಮನೆಯ ವಿಳಾಸದಲ್ಲೂ ಇದೆ.

ಸಂಜೆ ಪಾಠಕ್ಕೆ ಬರುವ ಒಂಬತ್ತನೇ ತರಗತಿಯ ಹುಡುಗಿಗೆ ಕಳೆದ ತಿಂಗಳು ಬಳ್ಳಾರಿಯ 583101 ಕೊಟ್ಟೆ. ಅಂಕಿಗಳ ಮೊತ್ತ 18 ಎಂದು ಕಂಡೊಡನೆ 9ರಿಂದ ಭಾಗಿಸಿ 64789ಕ್ಕೆ ಬಂದಳು. ಅಲ್ಲಿಂದ ಮುಂದೆ 7, 11, 13 ಎಂದು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತ ಹೋದರೆ ಪ್ರತಿ ಸಲವೂ ಶೇಷ ಉಳಿಯುತ್ತಿತ್ತು. ಹಳೆಯ ಲಕೋಟೆಯ ಬೆನ್ನು ಪೂರ್ತಿ ತುಂಬಿತು. 61ರಿಂದ ಭಾಗಿಸಿದಾಗಲೂ 7 ಉಳಿದದ್ದನ್ನು ನೋಡಿ “ಇದು ಒಡೆಯಂಗಿಲ್ರಿ ಸರ್” ಎಂದಳು. ಒಡೆಯುವ ಸಂಖ್ಯೆಗೆ ತನ್ನ ವರ್ಗಮೂಲವನ್ನು ಮೀರದ ಅವಿಭಾಜ್ಯ ಭಾಜಕವೊಂದು ಇದ್ದೇ ಇರುತ್ತದೆ, 255ರ ವರ್ಗ 64789ನ್ನು ಮೀರುವುದರಿಂದ 254ರೊಳಗಿನ ಅವಿಭಾಜ್ಯಗಳನ್ನೆಲ್ಲ ನೋಡದೆ ಹಾಗೆ ಹೇಳಬಾರದು ಎಂದೆ. ಮರುಕ್ಷಣವೇ 67ರಿಂದ ನಿಶ್ಶೇಷವಾಗಿ ಹೋಯಿತು. ಉಳಿದ 967 ಅವಿಭಾಜ್ಯ. ಆ ಕ್ಷಣದ ಅವಳ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹೀಗೆ 583101 ಎಂದರೆ 3ರ ವರ್ಗ, 67 ಮತ್ತು 967ರ ಗುಣಲಬ್ಧ. ಅಪವರ್ತನ ಗೊತ್ತಾದ ಮೇಲೆ ಉಳಿದ ಗುಣಗಳು ತಾವಾಗಿ ತೆರೆದುಕೊಳ್ಳುತ್ತವೆ: ಭಾಜಕಗಳು 12, ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 272611, ಅದು ಮೂಲ ಸಂಖ್ಯೆಗಿಂತ ಕಡಿಮೆಯಾದ್ದರಿಂದ ಇದು ನ್ಯೂನ ಸಂಖ್ಯೆ. (6ರ ಭಾಜಕಗಳಾದ 1, 2, 3ನ್ನು ಕೂಡಿದರೆ ಮತ್ತೆ 6 ಬರುವುದರಿಂದ ಅದು ಪರಿಪೂರ್ಣ ಸಂಖ್ಯೆ.) ಮಹಾರಾಷ್ಟ್ರದ ದೇವಳಾಲಿಯ ಶಾಲಾ ಶಿಕ್ಷಕ, ಗಣಿತಜ್ಞ ಕಾಪ್ರೇಕರ್ ಅವರು, ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗೆ ‘ಹರ್ಷದ’ ಎಂದು ಹೆಸರಿಟ್ಟರು. ನಮ್ಮ ಸಂಖ್ಯೆ ಬೆಸವಾದ್ದರಿಂದ 18ರಿಂದ ಭಾಗವಾಗದು. ಆ ಗುಂಪಿಗೆ ಸೇರದು.

ಪಿನ್‌ಕೋಡ್ ಎಣಿಕೆಯಲ್ಲ, ಬರೀ ಗುರುತು ಎಂದು ಕೆಲವರು ಆಕ್ಷೇಪಿಸಬಹುದು. ಯಾವ ಕೆಲಸಕ್ಕೆ ಬಳಸಿದರೂ ಸಂಖ್ಯೆಯ ಭಾಜಕಗಳು ಬದಲಾಗುವುದಿಲ್ಲ. ಮಗುವಿಗೆ ತನ್ನ ಊರಿನದೆಂಬ ಅಕ್ಕರೆಯೊಂದು ಹೆಚ್ಚಿಗೆ ಸಿಗುತ್ತದೆ, ಅಷ್ಟೆ.

ಆದ್ದರಿಂದ ತಮ್ಮ ಪತ್ರಿಕೆಯ ಶಾಲಾ ಪುಟದಲ್ಲಿ ವಾರಕ್ಕೊಂದು ಊರಿನ ಸಂಖ್ಯೆಯನ್ನು ಮಕ್ಕಳ ಮುಂದಿಡಬೇಕೆಂದು ಕೋರುತ್ತೇನೆ. ಕೊಪ್ಪಳದ 583231 ಮೊದಲು 11ರಿಂದ, ಆಮೇಲೆ 37ರಿಂದ ಒಡೆದು 1433ರಲ್ಲಿ ನಿಲ್ಲುತ್ತದೆ. ರಾಯಚೂರಿನ 584101ನ್ನು 7ರಿಂದ ಭಾಗಿಸಿದರೆ ಸಿಗುವ 83443 ಮುಂದೆ ಒಡೆಯುತ್ತದೆಯೇ ಎಂಬುದನ್ನು 288ರೊಳಗಿನ ಅವಿಭಾಜ್ಯಗಳಿಂದ ಅಲ್ಲಿನ ಮಕ್ಕಳೇ ಪರೀಕ್ಷಿಸಲಿ. ಉತ್ತರವನ್ನು ನಾನಿಲ್ಲಿ ಬರೆಯುವುದಿಲ್ಲ.

ಇಂತಿ,
ನಿವೃತ್ತ ಗಣಿತ ಶಿಕ್ಷಕ,
ಕೌಲ್ ಬಜಾರ್, ಬಳ್ಳಾರಿ