ಮೊದಲ ವಿಡಿಯೊ ಕ್ಯಾಮೆರಾ: ಬಾಡಿಗಿಂತ ಮುಂಚೆ ಲೆನ್ಸ್ ನೋಡಿ

ಸಂಪಾದಕರಿಗೆ ನಮಸ್ಕಾರ.

ಮೊದಲ ಸಲ ವಿಡಿಯೊ ಕ್ಯಾಮೆರಾ ಕೊಳ್ಳುವವರಿಗೆಂದು ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಜೊತೆಗಿದ್ದ ಪಟ್ಟಿಯನ್ನೂ ನೋಡಿದೆ. ಅದರಲ್ಲಿ ಮೆಗಾಪಿಕ್ಸೆಲ್ ಇತ್ತು, 4ಕೆ ಇತ್ತು, ಬೆಲೆ ಇತ್ತು. ಲೆನ್ಸಿನ ಸುದ್ದಿ ಒಂದೇ ಸಾಲು, ಅದೂ 'ಡಬಲ್ ಝೂಮ್ ಕಿಟ್ (ಕ್ಯಾಮೆರಾದ ಜೊತೆಗೇ ಕಟ್ಟಿಕೊಡುವ ಎರಡು ಝೂಮ್ ಲೆನ್ಸ್) ತೆಗೆದುಕೊಂಡರೆ ಲಾಭ' ಅಂತ. ಆ ಒಂದು ಸಾಲಿಗಾಗಿಯೇ ಈ ಪತ್ರ.

ನಾನು ಹೊನ್ನಾವರದ ಕಡೆಯವಳು. ತಮ್ಮನ ಜೊತೆ ಸಣ್ಣ ಸ್ಟುಡಿಯೊ ನಡೆಸುತ್ತೇನೆ. ಮದುವೆ, ಉಪನಯನ, ಮಳೆ ನಿಂತ ಮೇಲೆ ಯಕ್ಷಗಾನ. ಕಾಲೇಜು ಹುಡುಗರು ಬಂದು 'ಅಕ್ಕಾ, ಯಾವ ಕ್ಯಾಮೆರಾ ತಗೊಳ್ಳಲಿ?' ಅಂತ ಕೇಳುತ್ತಲೇ ಇರುತ್ತಾರೆ. ಏನು ತೆಗೆಯುತ್ತೀಯ, ಎಲ್ಲಿ ನಿಂತು ತೆಗೆಯುತ್ತೀಯ, ಹಗಲೋ ರಾತ್ರಿಯೋ ಅಂತ ನಾನು ತಿರುಗಿ ಕೇಳುತ್ತೇನೆ. ಅದು ಗೊತ್ತಾಗದೆ ಹೆಸರು ಹೇಳುವುದು ಹೇಗೆ?

ನಮ್ಮ ಆಟದ, ಅಂದರೆ ಯಕ್ಷಗಾನದ, ಲೆಕ್ಕವನ್ನೇ ತೆಗೆದುಕೊಳ್ಳಿ. ರಂಗಸ್ಥಳದಿಂದ ಸುಮಾರು 40 ಅಡಿ ಹಿಂದೆ ಸ್ಟ್ಯಾಂಡ್ ಇಡಲು ಜಾಗ ಸಿಗುತ್ತದೆ. ಅದಕ್ಕಿಂತ ಮುಂದೆ ಹೋದರೆ ಕುರ್ಚಿಯಲ್ಲಿ ಕೂತವರು ಬೈಯುತ್ತಾರೆ, ಬೈಯಬೇಕಾದ್ದೇ. ಲೆನ್ಸಿನ ಎಂಎಂ ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ, ಕಾಣುವ ಅಗಲ ಕಮ್ಮಿ. ಎಪಿಎಸ್-ಸಿ ಸೆನ್ಸರಿನ (ಹೊಸಬರ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವ ಮಧ್ಯಮ ಅಳತೆಯ ಸೆನ್ಸರ್) ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿದರೆ ಆ ದೂರದಿಂದ ಸುಮಾರು 18 ಅಡಿ ಅಗಲ ಕಾಣುತ್ತದೆ. ಭಾಗವತರು, ಮದ್ದಳೆ, ಚಂಡೆ, ಕುಣಿಯುವ ವೇಷ ಎಲ್ಲ ಚೌಕಟ್ಟಿನೊಳಗೆ ಬರುತ್ತವೆ. 70 ಎಂಎಂ ಆದರೆ ಒಂದು ವೇಷ ಕಿರೀಟದಿಂದ ಗೆಜ್ಜೆಯವರೆಗೆ ಪೂರ್ತಿ ಸಿಗುತ್ತದೆ. 135 ಎಂಎಂ ಆದರೆ ಸೊಂಟದಿಂದ ಮೇಲೆ, ಕಣ್ಣಿನ ಅಭಿನಯವೂ ಕಾಣುತ್ತದೆ. ಅದೇ ಮದುವೆ ಮಂಟಪದಲ್ಲಿ ಪುರೋಹಿತರ ಬೆನ್ನ ಹಿಂದೆ ಆರಡಿ ದೂರದಲ್ಲಿ ನಿಂತರೆ ಈ ಯಾವ ಲೆನ್ಸೂ ಉಪಯೋಗಕ್ಕಿಲ್ಲ. ಅಲ್ಲಿ 16 ಎಂಎಂ ಬೇಕು, ಆಗ ಒಂಬತ್ತು ಅಡಿಯಷ್ಟು ಅಗಲ ಸಿಗುತ್ತದೆ.

ಇಲ್ಲಿಯವರೆಗೆ ಡಬಲ್ ಝೂಮ್ ಕಿಟ್ ಚೆನ್ನಾಗಿಯೇ ಕಾಣುತ್ತದೆ. ಸಾಮಾನ್ಯವಾಗಿ ಒಂದು ಲೆನ್ಸ್ 18-55 ಎಂಎಂ, ಇನ್ನೊಂದು 55-250 ಅಥವಾ ಅದರ ಆಸುಪಾಸಿನದು. ಎಲ್ಲ ದೂರಕ್ಕೂ ಉತ್ತರ ಸಿಕ್ಕಿತಲ್ಲ ಅಂತ ಅಪ್ಪ-ಅಮ್ಮ ದುಡ್ಡು ಕೊಡುತ್ತಾರೆ. ತೊಂದರೆ ಇರುವುದು ಬೆಳಕಿನಲ್ಲಿ. ಆ ಉದ್ದದ ಲೆನ್ಸನ್ನು ಮುಂದಕ್ಕೆ ಎಳೆದಾಗ ಅದರ ಬಾಯಿ ಎಫ್ 5.6ಕ್ಕೋ ಅದಕ್ಕಿಂತ ಕಿರಿದಕ್ಕೋ ಇಳಿಯುತ್ತದೆ (ಎಫ್ ಅಂಕಿ ದೊಡ್ಡದಾದಷ್ಟು ಬಾಯಿ ಕಿರಿದು). ಎಫ್ 2.8ರ ಲೆನ್ಸ್ ಅದರ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ, ಎಫ್ 1.8ರದ್ದು ಹತ್ತಿರ ಹತ್ತಿರ ಹತ್ತು ಪಟ್ಟು. ಎಫ್ 2.8ರಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸ್ಪಂದನೆ ಏರಿಸುವ ಅಂಕಿ) 3200 ಸಾಕಾಗುವ ಬೆಳಕಿಗೆ ಎಫ್ 5.6ರಲ್ಲಿ 12800 ಬೇಕು. 12800ರಲ್ಲಿ ಹೊಸಬರು ಕೊಳ್ಳುವ ಯಾವ ಎಪಿಎಸ್-ಸಿ ಕ್ಯಾಮೆರಾವೂ ಕರಿ ಬಣ್ಣವನ್ನು ಕರಿಯಾಗಿ ಉಳಿಸುವುದಿಲ್ಲ, ಕಾಳು ಕಾಳು. ಸ್ಟಿಲ್ ತೆಗೆಯುವವರು ಶಟರ್ ನಿಧಾನ ಮಾಡಿ ಬಚಾವಾಗಬಹುದು. ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್ ಇಟ್ಟರೆ ಶಟರ್ 1/50 ಸೆಕೆಂಡ್, ಅದಕ್ಕಿಂತ ನಿಧಾನಕ್ಕೆ ಇಳಿಸಿದರೆ ಕುಣಿತ ಕಲಸಿಹೋಗುತ್ತದೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಲೆನ್ಸ್ ತೋರಿಸುವಾಗ ಇದೊಂದೂ ಗೊತ್ತಾಗುವುದಿಲ್ಲ, ಅಲ್ವಾ? ಗೊತ್ತಾಗುವುದು ಊರ ಜಾತ್ರೆಯ ರಾತ್ರಿ.

ಹಾಗಾಗಿ ನಾನು ಹೇಳುವುದು ಇಷ್ಟೇ. ಇರುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಬಾಡಿಯ (ಲೆನ್ಸಿಲ್ಲದ ಬರೀ ಕ್ಯಾಮೆರಾ) ಮೇಲೆ ಹಾಕಬೇಡಿ. ಕಿಟ್‌ನ ಎರಡನೇ ಲೆನ್ಸ್ ಬಿಡಿ. ದುಡ್ಡು ಸ್ವಲ್ಪ ಇದ್ದರೆ ಎಫ್ 2.8ರ ಒಂದು ಝೂಮ್ ಕೊಳ್ಳಿ. ಸಿಗ್ಮಾದ 18-50 ಚಿಕ್ಕದು, 300 ಗ್ರಾಂ ಆಸುಪಾಸು. ಟ್ಯಾಮ್ರಾನ್‌ನ 17-70 ದಪ್ಪ, ಅರ್ಧ ಕೆ.ಜಿ. ದಾಟುತ್ತದೆ, ಆದರೆ ಕೈನಡುಕ ತಡೆಯುವ ವ್ಯವಸ್ಥೆ ಲೆನ್ಸಿನೊಳಗೇ ಇದೆ. ಸೋನಿ ಝಡ್‌ವಿ-ಇ10, ಎ6400, ಕ್ಯಾನನ್ ಆರ್50, ನಿಕಾನ್ ಝಡ್30 ಇವುಗಳ ಸೆನ್ಸರಿಗೆ ಆ ವ್ಯವಸ್ಥೆ ಇಲ್ಲ. ಕೈಯಲ್ಲಿ ಹಿಡಿದು ಮದುವೆ ತೆಗೆಯುವವರಿಗೆ ಇದು ದೊಡ್ಡ ಮಾತು. ಸ್ಟ್ಯಾಂಡ್ ಮೇಲಿಟ್ಟು ಆಟ ತೆಗೆಯುವವರಿಗೆ ಏನೂ ಅಲ್ಲ. ದುಡ್ಡು ಕಮ್ಮಿಯಿದ್ದರೆ ಕಿಟ್‌ನ ಚಿಕ್ಕ ಲೆನ್ಸನ್ನೇ ಹಗಲಿಗೆ ಇಟ್ಟುಕೊಂಡು ರಾತ್ರಿಗೆ 50 ಎಂಎಂ ಎಫ್ 1.8 ಸೇರಿಸಿ. ಝೂಮ್ ಇಲ್ಲ ಅಂತ ಬೇಸರ ಬೇಡ. 40 ಅಡಿಯಿಂದ ರಂಗಸ್ಥಳ ಅಳೆದಿಟ್ಟ ಹಾಗೆ ಸಿಗುವುದು ಅದರಲ್ಲೇ.

ಮನೆಯಲ್ಲಿ ಮಾವನದೋ ಅಣ್ಣನದೋ ಹಳೆ ಡಿಎಸ್ಎಲ್ಆರ್ ಇದ್ದರೆ ಮೊದಲು ಅದರ ಲೆನ್ಸ್ ತೆಗೆದು ನೋಡಿ. ಕ್ಯಾನನ್‌ನ ಹಳೆ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಹೊಸ ಆರ್ ಸರಣಿಯ ಬಾಡಿಗಳಲ್ಲಿ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್‌ನ ಹಳೆ 50 ಎಂಎಂ 1.8ಡಿ ಹಾಗಲ್ಲ. ಅದಕ್ಕೆ ಫೋಕಸ್ ತಿರುಗಿಸುವ ಮೋಟಾರ್ ಬಾಡಿಯಲ್ಲಿರಬೇಕು, ಝಡ್30ರಲ್ಲಿ ಅದಿಲ್ಲ, ಕೈಯಲ್ಲೇ ತಿರುಗಿಸಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಕ್ಯಾನನ್ ಎಂ50 ಅಗ್ಗಕ್ಕೆ ಸಿಗುತ್ತದೆ, ಕೊಳ್ಳಲೇ ಅಂತಲೂ ಕೇಳುತ್ತಾರೆ. ಫುಲ್ ಎಚ್‌ಡಿಗೆ ಅಡ್ಡಿಯಿಲ್ಲ. 4ಕೆಗೆ ಹಾಕಿದರೆ ಚಿತ್ರದ ಸುತ್ತಲಿನ ಭಾಗ ಕತ್ತರಿಸಿಹೋಗುತ್ತದೆ, ಫೋಕಸೂ ಮಂಕು. ಅದರ ಮೌಂಟನ್ನು, ಅಂದರೆ ಬಾಡಿಗೂ ಲೆನ್ಸಿಗೂ ಇರುವ ಆ ಜೋಡಣೆಯನ್ನು, ಕಂಪನಿ ನಿಲ್ಲಿಸಿಯೂ ಆಯಿತು. ಮುಂದೆ ಹೊಸ ಲೆನ್ಸ್ ಬರುವುದಿಲ್ಲ ಅಂತ ತಿಳಿದೇ ಕೊಳ್ಳಬೇಕು.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಸಂಗತಿ, ಒಂದೇ ಸಮ ಎಷ್ಟು ಹೊತ್ತು ರೆಕಾರ್ಡ್ ಆಗುತ್ತದೆ ಎಂಬುದು. ಹಳೆಯ ಬಹಳಷ್ಟು ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ. ಅದು ಯಂತ್ರದ ಶಕ್ತಿಯ ಮಾತಲ್ಲ. ಯುರೋಪಿನಲ್ಲಿ ಅರ್ಧ ಗಂಟೆ ರೆಕಾರ್ಡ್ ಮಾಡುವ ಯಂತ್ರವನ್ನು ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು, ಅದನ್ನು ತಪ್ಪಿಸಿಕೊಳ್ಳಲು ಕಂಪನಿಗಳು ಹಾಕಿಕೊಂಡ ಬೇಲಿ ಅದು. ಅವರ ಸುಂಕದ ಲೆಕ್ಕಕ್ಕೆ ನಮ್ಮೂರ ಒಡ್ಡೋಲಗ (ವೇಷಗಳ ಪ್ರವೇಶದ ಕುಣಿತ) ಅರ್ಧಕ್ಕೇ ಕಟ್! ಈಗಿನವುಗಳಲ್ಲಿ ಆರ್50 ಒಂದು ಗಂಟೆ, ಝಡ್30 ಎರಡು ಗಂಟೆ ದಾಟುತ್ತದೆ. ಝಡ್‌ವಿ-ಇ10 ಮತ್ತು ಎ6400ಕ್ಕೆ ಅಂಥ ಗಡುವಿಲ್ಲ. ಆದರೆ ನಮ್ಮ ಕರಾವಳಿಯ ಸೆಕೆಯಲ್ಲಿ 4ಕೆ ಇಟ್ಟರೆ ಬಿಸಿಯಾಗಿ ನಿಲ್ಲಬಹುದು. ಫುಲ್ ಎಚ್‌ಡಿ ಇಡಿ. ನೋಡುವವರು ಹೇಗೂ ಮೊಬೈಲಲ್ಲಿ ನೋಡುವುದು. 4ಕೆಯನ್ನು ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ಗಂಟೆಗೆ 45 ಜಿಬಿ ಆಗುತ್ತದೆ. ಇಡೀ ರಾತ್ರಿಯ ಆಟಕ್ಕೆ ಎಷ್ಟು ಕಾರ್ಡ್ ಬೇಕು, ಲೆಕ್ಕ ಹಾಕಿ.

ಹೊಸ ಕ್ಯಾಮೆರಾ ಕೈಗೆ ಬಂದ ಕೂಡಲೇ ಮೆನುವಿನಲ್ಲಿ ಎನ್‌ಟಿಎಸ್‌ಸಿ ಇದೆಯೋ ಪಾಲ್ ಇದೆಯೋ ನೋಡಿ, ಇವು ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕದ ಎರಡು ಪದ್ಧತಿಗಳು. ನಮ್ಮ ಕರೆಂಟ್ 50 ಹರ್ಟ್ಸ್. ಪಾಲ್‌ನಲ್ಲಿ 25 ಫ್ರೇಮ್, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಕಪ್ಪು ಪಟ್ಟಿ ಓಡುವುದಿಲ್ಲ. 30 ಫ್ರೇಮ್, 1/60 ಇಟ್ಟರೆ ಓಡುತ್ತದೆ. ಅಗ್ಗದ ಎಲ್‌ಇಡಿ ಸ್ಟೇಜ್ ಲೈಟಿಗೆ ಮಾತ್ರ ಯಾವ ನಿಯಮವೂ ಇಲ್ಲ ಮಾರಾಯ್ರೇ. ಅದು ತನಗಿಷ್ಟ ಬಂದ ಹಾಗೆ ಮಿಣುಕುತ್ತದೆ.

ಇನ್ನು ಧ್ವನಿ. ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಭಾಗವತರ ಪದ (ಹಾಡು) ಕೇಳಿಸದಿದ್ದರೆ ಮುಂದಕ್ಕೆ ಹೋಗುತ್ತಾರೆ. ಕ್ಯಾಮೆರಾದೊಳಗಿನ ಮೈಕು ಚಂಡೆಯ ಮುಂದೆ ಸೋತು ಹೋಗುತ್ತದೆ. ರೆಕಾರ್ಡಿಂಗ್ ಆಟೊ ಲೆವೆಲ್‌ನಲ್ಲಿದ್ದರೆ ಇನ್ನೂ ಕಷ್ಟ. ಚಂಡೆಯ ಪೆಟ್ಟು ಬಿದ್ದ ಕೂಡಲೇ ಎಲ್ಲ ಧ್ವನಿಯೂ ಕುಗ್ಗಿ, ಭಾಗವತರ ಸ್ವರ ಮುಳುಗಿ, ಆಮೇಲೆ ಮೆಲ್ಲ ಮೇಲೇಳುತ್ತದೆ. ಆದ್ದರಿಂದ ಮೈಕ್ ಸಾಕೆಟ್ ಇಲ್ಲದ ಬಾಡಿ ಬೇಡವೇ ಬೇಡ. ಹೆಡ್‌ಫೋನ್ ಸಾಕೆಟ್ ಇದ್ದರೆ ಇನ್ನೂ ಒಳ್ಳೆಯದು. ಝಡ್‌ವಿ-ಇ10ರಲ್ಲಿ ಅದಿದೆ. ಎ6400, ಆರ್50, ಝಡ್30ರಲ್ಲಿ ಇಲ್ಲ. ಲೆವೆಲನ್ನು ಕೈಯಲ್ಲೇ ತಗ್ಗಿಸಿಡಿ. ಆಗುವುದಾದರೆ ಒಂದು ಸಣ್ಣ ರೆಕಾರ್ಡರ್ ತಂದು ಮೈಕಿನವರ ಮಿಕ್ಸರಿಗೆ ಜೋಡಿಸಿ. ಮೈಕಿನವರಿಗೆ ಆಟ ಶುರುವಾಗುವ ಮೊದಲೇ ಹೇಳಿಡಿ, ಚಾ ಕುಡಿಸಿದರೆ ಇನ್ನೂ ಚೆನ್ನ. ಮಿಕ್ಸರಿನ ತಂತಿಯನ್ನು ನೇರ ಕ್ಯಾಮೆರಾದ ಮೈಕ್ ಸಾಕೆಟ್ಟಿಗೆ ಚುಚ್ಚಬೇಡಿ. ಅಲ್ಲಿಂದ ಬರುವ ಸಿಗ್ನಲ್ ಜೋರಿನದು, ಬರೀ ಗರಗರ ಸಿಗುತ್ತದೆ.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು ಜಾಸ್ತಿ. ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲೇ ಬಿಟ್ಟರೆ ಗಾಜಿನೊಳಗೆ ಫಂಗಸ್ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಪುಟ್ಟ ಮೀಟರ್ ಸಾಕು. ಮುಳ್ಳು ಶೇಕಡಾ 40-50ರ ನಡುವೆ ಇರಲಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗಲೂ ಮೊಬೈಲ್ ಟಾರ್ಚ್ ಹಾಕಿ ಹಿಂದಿನಿಂದ ಒಳಗೆ ನೋಡಿ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಎಷ್ಟು ಅಗ್ಗವಾದರೂ ವಾಪಸ್ ಕೊಟ್ಟುಬಿಡಿ.

ಸಂಪಾದಕರಲ್ಲಿ ಒಂದು ಕೋರಿಕೆ. ದಸರಾ, ದೀಪಾವಳಿ ಆಫರ್ ಹೊತ್ತಿಗೆ ಇಂಥ ಪಟ್ಟಿ ಮತ್ತೆ ಹಾಕುತ್ತೀರಿ ಅಂತ ಗೊತ್ತು. ಆಗ ಮೆಗಾಪಿಕ್ಸೆಲ್ ಕಾಲಂ ತೆಗೆದುಬಿಡಿ. 4ಕೆ ವಿಡಿಯೊದ ಒಂದು ಫ್ರೇಮಿಗೆ ಬೇಕಾದ್ದು ಎಂಟು ಚಿಲ್ಲರೆ ಮೆಗಾಪಿಕ್ಸೆಲ್, ಎಲ್ಲ ಕ್ಯಾಮೆರಾದಲ್ಲೂ ಅದಕ್ಕಿಂತ ಹೆಚ್ಚೇ ಇದೆ. ಆ ಜಾಗದಲ್ಲಿ ಎಷ್ಟು ನಿಮಿಷ ರೆಕಾರ್ಡ್ ಆಗುತ್ತದೆ, ಮೈಕ್ ಮತ್ತು ಹೆಡ್‌ಫೋನ್ ಸಾಕೆಟ್ ಇದೆಯೇ, ಆ ಮೌಂಟಿಗೆ ಎಫ್ 2.8ರ ಝೂಮ್ ಯಾವುದು ಸಿಗುತ್ತದೆ, ಅದರ ಬೆಲೆ ಎಷ್ಟು ಅಂತ ಹಾಕಿ.

ಇಂತಿ,
ಸ್ಟುಡಿಯೊ ನಡೆಸುವ ಓದುಗಾರ್ತಿ,
ಹೊನ್ನಾವರ